ಗಾಜಿನ ಎಳೆ ಮತ್ತು ವಿದ್ಯುತ್ ಬಿಲ್ಲು: ದತ್ತಾಂಶ ಕೇಂದ್ರಗಳಲ್ಲಿ ಬೆಳಕಿನ ತಂತ್ರಜ್ಞಾನ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ನೂಲು ಬಿಚ್ಚಾಣಿಕೆದಾರರು ಲಾಟಿಗೆ ತಮ್ಮ ಬೆಲೆಯನ್ನು ಮೊಬೈಲ್ ಮೂಲಕ ನಮೂದಿಸುತ್ತಾರೆ. ಚನ್ನಪಟ್ಟಣದ ಬೊಂಬೆ ವ್ಯಾಪಾರಿಗಳು ದೂರದೂರಿನ ಗಿರಾಕಿಗೆ ಅಂತರಜಾಲದಲ್ಲಿಯೇ ಮಾದರಿಗಳನ್ನು ತೋರಿಸುತ್ತಾರೆ. ಮಾಗಡಿಯ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಯು.ಪಿ.ಐ. ಫಲಕ ನಿಂತಿದೆ. ಕನಕಪುರ ರಸ್ತೆಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇ-ಇನ್‌ವಾಯ್ಸ್ ಸಂಖ್ಯೆ ಬಾರದೆ ಅನೇಕ ಕಾರ್ಖಾನೆಗಳ ಲಾರಿಗಳು ಗೇಟು ದಾಟುವುದಿಲ್ಲ. ಈ ವ್ಯವಹಾರಗಳೆಲ್ಲವೂ ನಮ್ಮ ಕಣ್ಣಿಗೆ ಬೀಳದ ಯಾವುದೋ ಕಟ್ಟಡದೊಳಗಿನ ಗಣಕಯಂತ್ರಗಳನ್ನು ಮುಟ್ಟಿ ಹಿಂದಿರುಗುತ್ತವೆ. ಆ ಕಟ್ಟಡವೇ ಡೇಟಾ ಸೆಂಟರ್, ಅಂದರೆ ದತ್ತಾಂಶ ಕೇಂದ್ರ.

‘ಇದು ದೊಡ್ಡ ಕಂಪನಿಗಳ ವಿಷಯ, ನಮಗೇಕೆ?’ ಎಂದು ಸದಸ್ಯ ಬಾಂಧವರು ಕೇಳಬಹುದು. ಈಗ ಹಾಗೆ ಕೇಳುವಂತಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಲೆಕ್ಕಪತ್ರಗಳನ್ನು ಗಣಕದಲ್ಲಿ ಇಡುವ ಕಂಪನಿಗಳು ಅವುಗಳ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನವೂ ಉಳಿಸಬೇಕೆಂದು 2022ರ ಆಗಸ್ಟ್‌ನಲ್ಲಿ ಕಂಪನಿ ನಿಯಮಗಳಿಗೆ ತಿದ್ದುಪಡಿಯಾಯಿತು. ದೇಶದ ಆದಾಯ ತೆರಿಗೆ ವಿವರಪಟ್ಟಿಗಳು 2009ರಿಂದ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಬರುತ್ತಿವೆ. ಮಗ್ಗವಿರಲಿ ಲೇತ್ ಇರಲಿ, ಪ್ರತಿಯೊಬ್ಬ ಉದ್ಯಮಿಯೂ ದತ್ತಾಂಶ ಕೇಂದ್ರದ ಗ್ರಾಹಕನಾಗಿದ್ದಾನೆ. ಅದರ ವಿದ್ಯುತ್ ಬಿಲ್ಲಿನ ಒಂದು ಪಾಲು ಸೇವಾ ಶುಲ್ಕದ ರೂಪದಲ್ಲಿ ಅವನ ಲಾಭ-ನಷ್ಟದ ಪಟ್ಟಿಗೆ ಸದ್ದಿಲ್ಲದೆ ಬಂದು ಸೇರುತ್ತಿದೆ.

ಆ ಬಿಲ್ಲಿನ ಗಾತ್ರವೆಷ್ಟು? ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2025ರ ಏಪ್ರಿಲ್‌ನಲ್ಲಿ ಹೊರತಂದ ವರದಿಯ ಪ್ರಕಾರ 2024ರಲ್ಲಿ ಪ್ರಪಂಚದ ದತ್ತಾಂಶ ಕೇಂದ್ರಗಳು ಸುಮಾರು 415 ಶತಕೋಟಿ ಯೂನಿಟ್ ವಿದ್ಯುತ್ ಬಳಸಿದವು. ಇದು ಪ್ರಪಂಚದ ಒಟ್ಟು ಬಳಕೆಯ ಸುಮಾರು ಶೇ. 1.5. 2030ರ ವೇಳೆಗೆ ಇದು 945 ಶತಕೋಟಿ ಯೂನಿಟ್ ತಲುಪಬಹುದೆಂದು ಆ ಸಂಸ್ಥೆ ಅಂದಾಜಿಸಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಈ ಏರಿಕೆಗೆ ಮುಖ್ಯ ಕಾರಣ. ಈ ಹಸಿವನ್ನು ತಗ್ಗಿಸಲು ತಾಮ್ರದ ತಂತಿಯ ಬದಲು ಬೆಳಕನ್ನು ಬಳಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದರಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆ ಎಷ್ಟು ಎಂಬುದನ್ನು ಒಬ್ಬ ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ.

ಒಂದು ಅನುಪಾತ ಮತ್ತು ಅದರ ಮೋಸ

ದತ್ತಾಂಶ ಕೇಂದ್ರದ ದಕ್ಷತೆಯನ್ನು ಅಳೆಯಲು 2007ರಲ್ಲಿ ಬಳಕೆಗೆ ಬಂದ ಅಳತೆಗೋಲು ಪಿ.ಯು.ಇ. ಕಟ್ಟಡಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಗಣಕಯಂತ್ರಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಯಂತ್ರಗಳಿಗೆ 100 ಯೂನಿಟ್, ತಂಪು ಮಾಡಲು, ಯು.ಪಿ.ಎಸ್. ನಷ್ಟಕ್ಕೆ ಹಾಗೂ ದೀಪಗಳಿಗೆ 50 ಯೂನಿಟ್ ಖರ್ಚಾದರೆ ಪಿ.ಯು.ಇ. 1.5. ಒಂದಕ್ಕೆ ಸಮೀಪವಾದಷ್ಟೂ ಒಳ್ಳೆಯದು. ಪ್ರಪಂಚದ ದತ್ತಾಂಶ ಕೇಂದ್ರಗಳ ಸರಾಸರಿ ಹಲವು ವರ್ಷಗಳಿಂದ 1.5ಕ್ಕಿಂತ ಸ್ವಲ್ಪ ಮೇಲೆಯೇ ನಿಂತಿದೆ. ಅತ್ಯುತ್ತಮ ಕೇಂದ್ರಗಳು 1.1ರ ಆಸುಪಾಸಿನಲ್ಲಿವೆ.

ಅನುಪಾತಗಳನ್ನು ನಂಬುವ ಮುನ್ನ ಛೇದವನ್ನು ನೋಡಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಗಣಕಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚುಗಳು, ಕೇಬಲ್ಲಿನ ತುದಿಯ ಉಪಕರಣಗಳು ಎಲ್ಲವೂ ಈ ಲೆಕ್ಕದಲ್ಲಿ ‘ಗಣಕಯಂತ್ರ’ಗಳ ಸಾಲಿಗೇ ಸೇರುತ್ತವೆ. ಬೆಳಕಿನ ತಂತ್ರಜ್ಞಾನ ಉಳಿತಾಯ ಮಾಡುವುದು ಇಲ್ಲಿಯೇ. ಮೇಲಿನ ಉದಾಹರಣೆಯಲ್ಲಿ ಜಾಲದ ಉಪಕರಣಗಳಿಂದ 10 ಯೂನಿಟ್ ಉಳಿಯಿತೆಂದುಕೊಳ್ಳೋಣ. ತಂಪು ಮಾಡುವ ಖರ್ಚು ಒಡನೆಯೇ ಇಳಿಯದಿದ್ದರೆ ಒಟ್ಟು ಬಳಕೆ 140, ಯಂತ್ರಗಳ ಬಳಕೆ 90, ಪಿ.ಯು.ಇ. 1.56. ಬಿಲ್ಲು ಇಳಿದಿದೆ, ಅನುಪಾತ ಮಾತ್ರ ಕೆಟ್ಟಿದೆ! ಆದ್ದರಿಂದ ನಿಮ್ಮ ಲೆಕ್ಕಪತ್ರಗಳನ್ನು ಇಟ್ಟುಕೊಳ್ಳುವ ಸಂಸ್ಥೆಯವರು ‘ನಮ್ಮ ಪಿ.ಯು.ಇ. ಇಷ್ಟು’ ಎಂದಾಗ ತಲೆದೂಗುವುದರೊಂದಿಗೆ, ಒಂದು ಸರ್ವರ್ ಚೌಕಟ್ಟಿಗೆ ತಿಂಗಳಿಗೆ ಒಟ್ಟು ಎಷ್ಟು ಯೂನಿಟ್ ಬೀಳುತ್ತದೆಂದೂ ಕೇಳುವುದು ಒಳ್ಳೆಯದು.

ತಾಮ್ರವೂ ಗಾಜೂ

ತಾಮ್ರದ ತಂತಿಯಲ್ಲಿ ಸಂಕೇತ ಸಾಗುವುದು ವಿದ್ಯುತ್ತಿನ ರೂಪದಲ್ಲಿ. ಸಂಕೇತಗಳ ವೇಗ ಏರಿದಂತೆಲ್ಲ ವಿದ್ಯುತ್ತು ತಂತಿಯ ಹೊರಮೈಗೇ ಅಂಟಿಕೊಂಡು ಹರಿಯತೊಡಗುತ್ತದೆ, ತಡೆ ಹೆಚ್ಚುತ್ತದೆ, ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಒಂದೊಂದು ಜೋಡಿ ತಂತಿಯಲ್ಲಿ ಸೆಕೆಂಡಿಗೆ 100 ಗಿಗಾಬಿಟ್ ಸಾಗಿಸುವ ಇಂದಿನ ಯಂತ್ರಗಳಲ್ಲಿ ಬರಿಯ ತಾಮ್ರದ ಕೇಬಲ್ಲು ಎರಡು-ಮೂರು ಮೀಟರಿಗೇ ಸುಸ್ತಾಗುತ್ತದೆ. ಅದಕ್ಕಿಂತ ದೂರಕ್ಕೆ ಬೇರೆ ದಾರಿ ಬೇಕು.

ಆ ದಾರಿ ಗಾಜಿನ ಎಳೆ. ರೇಷ್ಮೆ ನಾಡಿನ ನಮಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅತಿ ಶುದ್ಧವಾದ ಗಾಜಿನ ದಿಂಡನ್ನು ಸುಮಾರು 2,000 ಡಿಗ್ರಿ ಸೆಲ್ಷಿಯಸ್ ತಾಪದಲ್ಲಿ ಮೃದುಗೊಳಿಸಿ ಎಳೆಯಾಗಿ ಎಳೆದು ರಾಟೆಗೆ ಸುತ್ತುತ್ತಾರೆ. ಎಳೆಯ ಒಟ್ಟು ದಪ್ಪ 125 ಮೈಕ್ರಾನ್. ಬೆಳಕು ಹರಿಯುವ ಒಳತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಗೂಡಿನಿಂದ ಬಿಚ್ಚಿದ ರೇಷ್ಮೆಯ ಎಳೆಗಿಂತ ಅದು ದಪ್ಪವಾದುದಲ್ಲ. ಇಂತಹ ಎಳೆಯಲ್ಲಿ ದೂರವಾಣಿ ಸಂಕೇತಗಳನ್ನು ಕಳುಹಿಸಬಹುದೆಂದು 1966ರಲ್ಲಿ ಲೆಕ್ಕಹಾಕಿ ತೋರಿಸಿದವರು ಚಾರ್ಲ್ಸ್ ಕಾವ್. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು ಎಂಬುದು ಅಂದಿನ ಗುರಿಯಾಗಿತ್ತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಆ ಗುರಿಯನ್ನು ದಾಟಿತು. ಇಂದಿನ ಎಳೆಯಲ್ಲಿ 50 ಕಿಲೋಮೀಟರ್ ಸಾಗಿದ ಮೇಲೂ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ. ರಾಮನಗರದಲ್ಲಿ ಹೊತ್ತಿಸಿದ ಬೆಳಕನ್ನು ನಡುವೆ ಎಲ್ಲಿಯೂ ವಿದ್ಯುತ್ ತುಂಬದೆಯೇ ಬೆಂಗಳೂರಿನಲ್ಲಿ ಓದಿಕೊಳ್ಳಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಬೆಳಕು ವಿದ್ಯುತ್ತಿಗಿಂತ ವೇಗವಾಗಿ ಓಡುವುದರಿಂದ ಆಪ್ಟಿಕಲ್ ಫೈಬರ್ ವೇಗವಾದುದೆಂದು ಮಾರಾಟಗಾರರು ಹೇಳುವುದುಂಟು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಳ್ಳೆಯ ತಾಮ್ರದ ಕೇಬಲ್ಲಿನಲ್ಲಿ ಸಂಕೇತವೂ ಹೆಚ್ಚುಕಡಿಮೆ ಅಷ್ಟೇ ಓಡುತ್ತದೆ. ಗಾಜಿನ ಹೆಚ್ಚುಗಾರಿಕೆ ಓಟದಲ್ಲಿಲ್ಲ, ದಾರಿಯ ಅಗಲದಲ್ಲಿದೆ. ಒಂದೇ ಎಳೆಯಲ್ಲಿ ಬೇರೆ ಬೇರೆ ಬಣ್ಣದ ಹತ್ತಾರು ಬೆಳಕುಗಳು ಒಂದಕ್ಕೊಂದು ತಾಗದೆ ಸಾಗಬಲ್ಲವು. ಹಳೆಯ ಎತ್ತಿನಗಾಡಿ ರಸ್ತೆಗೂ ಈಗಿನ ಬೆಂಗಳೂರು-ಮೈಸೂರು ದಶಪಥಕ್ಕೂ ಇರುವ ಅಂತರವೆಂದರೆ ಸರಿಹೋದೀತು. ಹೀಗೆ ಅನೇಕ ಬೆಳಕುಗಳನ್ನು ಒಂದೇ ಎಳೆಯಲ್ಲಿ ಸಾಗಿಸುವ ಉಪಕರಣಗಳನ್ನು ತಯಾರಿಸುವ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಕಂಪನಿ. ಈಗ ಅದು ಟಾಟಾ ಸಮೂಹದಲ್ಲಿದೆ.

ಸುಂಕದ ಕಟ್ಟೆ ಇರುವುದು ತುದಿಯಲ್ಲಿ

ಹಾಗಾದರೆ ಎಲ್ಲ ತಾಮ್ರವನ್ನೂ ಕಿತ್ತು ಗಾಜು ಹಾಕಿದರೆ ವಿದ್ಯುತ್ ಉಳಿಯುವುದೇ? ಇಲ್ಲ. ಈ ವಿಷಯದ ಮರ್ಮವೇ ಇಲ್ಲಿದೆ.

ಗಣಕಯಂತ್ರದ ಚಿಪ್ಪು ಯೋಚಿಸುವುದು ವಿದ್ಯುತ್ತಿನಲ್ಲಿ. ಸಂಕೇತವನ್ನು ಗಾಜಿಗೆ ಹತ್ತಿಸಲು ವಿದ್ಯುತ್ತನ್ನು ಬೆಳಕಾಗಿಸಬೇಕು. ಆ ತುದಿಯಲ್ಲಿ ಇಳಿಸಲು ಬೆಳಕನ್ನು ಮತ್ತೆ ವಿದ್ಯುತ್ತಾಗಿಸಬೇಕು. ಈ ಕೆಲಸ ಮಾಡುವ, ಬೆರಳುದ್ದದ ಉಪಕರಣಕ್ಕೆ ಟ್ರಾನ್ಸೀವರ್ ಎನ್ನುತ್ತಾರೆ. ವಿದೇಶಿ ಹಣ ಬದಲಿಸುವ ಅಂಗಡಿಯಂತೆ ಅದು ಪ್ರತಿ ಬಾರಿಯೂ ತನ್ನ ಕಮಿಷನ್ನನ್ನು ವ್ಯಾಟುಗಳಲ್ಲಿ ಮುರಿದುಕೊಳ್ಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ದಾರಿಯಲ್ಲಿ ಮಸುಕಾದ ಸಂಕೇತವನ್ನು ಲೆಕ್ಕಹಾಕಿ ಸ್ಪಷ್ಟಗೊಳಿಸುವ ಚಿಪ್ಪಿನ ಪಾಲಿಗೆ ಹೋಗುತ್ತದೆ. ದಾರಿಯಲ್ಲಿ ಬೆಳಕಿಗೆ ಖರ್ಚಿಲ್ಲ, ತುದಿಗಳಲ್ಲಿ ಖರ್ಚಿದೆ. ದೂರ ಹೆಚ್ಚಿದಷ್ಟೂ ಬೆಳಕು ಲಾಭ. ದೂರ ತೀರ ಕಡಿಮೆಯಿದ್ದರೆ ತಾಮ್ರವೇ ಲಾಭ.

ಇದಕ್ಕೆ ಒಳ್ಳೆಯ ಸಾಕ್ಷಿಯನ್ನು ಎನ್ವಿಡಿಯಾ ಕಂಪನಿಯೇ ಒದಗಿಸಿದೆ. 2024ರ ಮಾರ್ಚ್‌ನಲ್ಲಿ ಅದು ಪ್ರಕಟಿಸಿದ ಯಂತ್ರವೊಂದರಲ್ಲಿ 72 ಸಂಸ್ಕಾರಕಗಳು ಒಂದೇ ಚೌಕಟ್ಟಿನಲ್ಲಿವೆ. ಆ ಒಂದು ಚೌಕಟ್ಟಿನ ಬಳಕೆ ಸುಮಾರು 120 ಕಿಲೋವ್ಯಾಟ್, ಅಂದರೆ 160 ಅಶ್ವಶಕ್ತಿ. ನಮ್ಮಲ್ಲಿ ಒಂದು ಮಧ್ಯಮ ಗಾತ್ರದ ಘಟಕವನ್ನೇ ಅಷ್ಟರಲ್ಲಿ ನಡೆಸಬಹುದು. ಅದರೊಳಗಿನ ಜೋಡಣೆಗೆ ಐದು ಸಾವಿರಕ್ಕೂ ಹೆಚ್ಚು ತಾಮ್ರದ ಕೇಬಲ್ಲುಗಳನ್ನೇ ಬಳಸಲಾಗಿದೆ. ಬೆಳಕನ್ನು ಬಳಸಿದ್ದರೆ ಟ್ರಾನ್ಸೀವರುಗಳಿಗೆ ಮತ್ತು ಅವುಗಳ ಸಹಾಯಕ ಚಿಪ್ಪುಗಳಿಗೇ 20 ಕಿಲೋವ್ಯಾಟ್ ಬೇಕಾಗುತ್ತಿತ್ತೆಂದು ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆಯಲ್ಲಿಯೇ ಹೇಳಿದರು. ಕೆಲವೇ ಅಡಿಗಳ ಅಂತರದಲ್ಲಿ ಗೆದ್ದದ್ದು ತಾಮ್ರ.

ಅದೇ ಹುವಾಂಗ್ 2025ರ ಮಾರ್ಚ್‌ನಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು. ಇಂತಹ ಚೌಕಟ್ಟುಗಳನ್ನು ಸಾಲುಸಾಲಾಗಿ ನಿಲ್ಲಿಸಿ 10 ಲಕ್ಷ ಸಂಸ್ಕಾರಕಗಳನ್ನು ಜೋಡಿಸಬೇಕಾದರೆ ತಾಮ್ರ ಮುಟ್ಟದಷ್ಟು ದೂರವಾಗುತ್ತದೆ, ಬೆಳಕು ಅನಿವಾರ್ಯ. ಒಂದು ಟ್ರಾನ್ಸೀವರಿಗೆ 30 ವ್ಯಾಟ್, ಒಂದು ಸಂಸ್ಕಾರಕಕ್ಕೆ 6 ಟ್ರಾನ್ಸೀವರ್. ಗುಣಿಸಿದರೆ 180 ಮೆಗಾವ್ಯಾಟ್. ಲೆಕ್ಕ ಮಾಡುವುದಕ್ಕಲ್ಲ, ಲೆಕ್ಕವನ್ನು ಇಲ್ಲಿಂದ ಅಲ್ಲಿಗೆ ದಾಟಿಸುವುದಕ್ಕೆ! ನಮ್ಮ ನೆರೆಯ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 42 ಮೆಗಾವ್ಯಾಟ್. ಅಂತಹ ನಾಲ್ಕು ಶಿವನಸಮುದ್ರಗಳನ್ನು ಈ ಸುಂಕದ ಕಟ್ಟೆಗಳೇ ನುಂಗಿಬಿಡುತ್ತವೆ.

ಸುಂಕವನ್ನು ಇಳಿಸುವ ಉಪಾಯವೇನು? ಈಗಿನ ವ್ಯವಸ್ಥೆಯಲ್ಲಿ ಟ್ರಾನ್ಸೀವರ್ ಸ್ವಿಚ್ಚಿನ ಮುಂಬದಿಯಲ್ಲಿ ಸಿಕ್ಕಿಸಿಕೊಂಡಿರುತ್ತದೆ. ಒಳಗಿನ ಚಿಪ್ಪಿನಿಂದ ಅಲ್ಲಿಗೆ ಬರುವ ಗೇಣುದ್ದದ ತಾಮ್ರದ ಹಾದಿಯಲ್ಲಿಯೇ ಸಂಕೇತ ಬಹಳ ಸೊರಗುತ್ತದೆ. ಅದನ್ನು ಮತ್ತೆ ಎತ್ತಿ ನಿಲ್ಲಿಸಲು ವಿದ್ಯುತ್ ಬೇಕು. ಬೆಳಕಾಗಿಸುವ ಭಾಗವನ್ನು ಚಿಪ್ಪಿನ ಮಗ್ಗುಲಲ್ಲಿಯೇ, ಒಂದೇ ಹಲಗೆಯ ಮೇಲೆ ಕೂರಿಸಿದರೆ ಈ ನಷ್ಟ ತಪ್ಪುತ್ತದೆ. ಇದಕ್ಕೆ ಕೋ-ಪ್ಯಾಕೇಜ್ಡ್ ಆಪ್ಟಿಕ್ಸ್ ಎಂಬ ಹೆಸರಿದೆ. ಇದರಿಂದ ಜಾಲದ ವಿದ್ಯುತ್ ದಕ್ಷತೆ ಮೂರೂವರೆ ಪಟ್ಟು ಹೆಚ್ಚುತ್ತದೆಂದು ಎನ್ವಿಡಿಯಾ ಹೇಳಿಕೊಂಡಿದೆ. ಇದು ಮಾರುವವರ ಮಾತೆಂಬುದನ್ನು ಮರೆಯಬಾರದು. ಅಲ್ಲದೆ ಸಿಕ್ಕಿಸಿದ ಟ್ರಾನ್ಸೀವರ್ ಕೆಟ್ಟರೆ ಎಳೆದು ಬಿಸಾಡಿ ಬೇರೊಂದನ್ನು ಹಾಕಬಹುದು. ಚಿಪ್ಪಿನ ಮಗ್ಗುಲಲ್ಲಿ ಕೂರಿಸಿದ್ದು ಕೆಟ್ಟರೆ ದುರಸ್ತಿಯ ಖರ್ಚು ಯಾರ ತಲೆಗೆ ಎಂಬ ಪ್ರಶ್ನೆಯೂ ಇದೆ.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಗೂಗಲ್ ಸಂಸ್ಥೆ ಹಿಡಿದ ದಾರಿ. ನಡುಮನೆಯಲ್ಲಿ ಬೆಳಕನ್ನು ವಿದ್ಯುತ್ತಾಗಿಸಿ, ಯಾರಿಗೆ ಹೋಗಬೇಕೆಂದು ಓದಿ, ಮತ್ತೆ ಬೆಳಕಾಗಿಸುವ ದೊಡ್ಡ ಸ್ವಿಚ್ಚುಗಳನ್ನೇ ಅವರು ತೆಗೆದುಹಾಕಿದರು. ಬದಲಿಗೆ ಅತಿ ಸಣ್ಣ ಕನ್ನಡಿಗಳನ್ನಿಟ್ಟರು. ಕನ್ನಡಿ ವಾಲಿದ ಕಡೆಗೆ ಬೆಳಕು ತಿರುಗಿ ಬೇಕಾದ ಎಳೆಗೆ ಹೊಕ್ಕುತ್ತದೆ. ಪರಿವರ್ತನೆಯೂ ಇಲ್ಲ, ಕಮಿಷನ್ನೂ ಇಲ್ಲ. ಕನ್ನಡಿಗೆ ಬೆಳಕಿನ ವೇಗ ಎಷ್ಟೆಂಬ ಗೊಡವೆಯಿಲ್ಲದ ಕಾರಣ, ಮುಂದೆ ಹೆಚ್ಚು ವೇಗದ ಯಂತ್ರಗಳು ಬಂದರೂ ಅದನ್ನು ಬದಲಿಸಬೇಕಾಗಿಲ್ಲ. ಸ್ಥಿರಾಸ್ತಿಯ ಆಯುಷ್ಯ ಹೆಚ್ಚಿತೆಂದೇ ನಾನು ಅದನ್ನು ಓದಿಕೊಂಡೆ. ಇದನ್ನೂ ಇತರ ಸುಧಾರಣೆಗಳನ್ನೂ ಸೇರಿಸಿ ತಮ್ಮ ಜಾಲಕ್ಕೆ ಸುಮಾರು ಶೇ. 40 ಕಡಿಮೆ ವಿದ್ಯುತ್ತೂ ಶೇ. 30 ಕಡಿಮೆ ವೆಚ್ಚವೂ ತಗಲುತ್ತಿದೆಯೆಂದು 2022ರಲ್ಲಿ ಅವರು ಪ್ರಕಟಿಸಿದರು. ಆದರೆ ಕನ್ನಡಿಯನ್ನು ತಿರುಗಿಸಲು ಹೊತ್ತು ಹಿಡಿಯುತ್ತದೆ. ಯಾವ ಸಾಲಿನಿಂದ ಯಾವ ಸಾಲಿಗೆ ಹೆಚ್ಚು ಸರಕು ಹೋಗುತ್ತದೆಂದು ಮೊದಲೇ ತಿಳಿದಿರುವ ದೊಡ್ಡ ಮನೆಗೆ ಇದು ಹೊಂದುತ್ತದೆಯೇ ಹೊರತು ಎಲ್ಲರಿಗೂ ಅಲ್ಲ.

ನಮ್ಮ ಜಿಲ್ಲೆಗೆ ಬಂದರೆ

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಸಾಗಿಸಲಾಯಿತು. ಅಂದಿನ ಪ್ರಶ್ನೆ ವಿದ್ಯುತ್ತನ್ನು ಕೆಲಸವಿದ್ದ ಕಡೆಗೆ ಒಯ್ಯುವುದು ಹೇಗೆ ಎಂಬುದಾಗಿತ್ತು. ಇಂದು ಪ್ರಶ್ನೆ ತಿರುವುಮುರುವಾಗಿದೆ. ದತ್ತಾಂಶವನ್ನು ಗಾಜಿನ ಎಳೆಯ ಮೇಲೆ ಒಯ್ಯುವುದು ಅಗ್ಗವಾಗಿರುವಾಗ, ವಿದ್ಯುತ್ತೂ ಜಾಗವೂ ನೀರೂ ಇರುವ ಕಡೆಗೆ ಕೆಲಸವನ್ನೇ ಏಕೆ ಒಯ್ಯಬಾರದು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಬೆಂಗಳೂರಿನಿಂದ ಐವತ್ತು-ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಕೇಬಲ್ಲಿನ ಹಾದಿ ಸುತ್ತುಬಳಸಿ ನೂರು ಕಿಲೋಮೀಟರ್ ಎಂದಿಟ್ಟುಕೊಂಡರೂ ಬೆಳಕು ಹೋಗಿಬರಲು ಒಂದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿಯೂ ದತ್ತಾಂಶ ಕೇಂದ್ರಗಳನ್ನು ಹೊಂದಿರುವ ಜಪಾನಿನ ಎನ್.ಟಿ.ಟಿ. ಸಮೂಹ 2024ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಪ್ರಯೋಗ ನಡೆಸಿತು. ನಡುವೆ ವಿದ್ಯುತ್ ಪರಿವರ್ತನೆಗಳನ್ನು ತಪ್ಪಿಸಿ ಬೆಳಕಿನಲ್ಲಿಯೇ ಸಾಗುವ ಜಾಲದಿಂದ 89 ಕಿಲೋಮೀಟರ್ ಅಂತರದ ಎರಡು ಕೇಂದ್ರಗಳನ್ನು ಒಂದು ಮಿಲಿಸೆಕೆಂಡಿಗೂ ಕಡಿಮೆ ವಿಳಂಬದಲ್ಲಿ ಜೋಡಿಸಿ, ಒಂದೇ ಕಟ್ಟಡದೊಳಗೆ ಇರುವಂತೆ ನಡೆಸಬಹುದೆಂದು ತೋರಿಸಿತು. ನಮ್ಮ ಲೆಕ್ಕದಲ್ಲಿ ಅದು ಬೆಂಗಳೂರಿನಿಂದ ಚನ್ನಪಟ್ಟಣವನ್ನೂ ದಾಟಿದ ದೂರ.

ಆದುದರಿಂದ ಬೆಂಗಳೂರಿನ ದತ್ತಾಂಶ ಕೇಂದ್ರಗಳು ಬೆಂಗಳೂರಿನೊಳಗೇ ಇರಬೇಕೆಂಬ ನಿರ್ಬಂಧ ಸಡಿಲವಾಗುತ್ತಿದೆ. 2007ರಲ್ಲಿ ರಚನೆಯಾಗಿ 2025ರಲ್ಲಿ ‘ಬೆಂಗಳೂರು ದಕ್ಷಿಣ’ವೆಂದು ರಾಜ್ಯ ಸರ್ಕಾರ ಹೆಸರು ಬದಲಿಸಿದ ನಮ್ಮ ಜಿಲ್ಲೆಯ ಮೇಲೆ ಹೂಡಿಕೆದಾರರ ಕಣ್ಣಿರುವುದು ಸಹಜ. ಬಿಡದಿಯ ಬಳಿ ಸುಮಾರು ಒಂಬತ್ತು ಸಾವಿರ ಎಕರೆಯಲ್ಲಿ ಕೃತಕ ಬುದ್ಧಿಮತ್ತೆಯ ಉದ್ಯಮಗಳನ್ನೂ ಒಳಗೊಂಡ ಉಪನಗರವನ್ನು ಕಟ್ಟುವ ಯೋಜನೆಯನ್ನು ಸರ್ಕಾರ 2025ರಲ್ಲಿ ಕೈಗೆತ್ತಿಕೊಂಡಿತು. ಭೈರಮಂಗಲ ಸುತ್ತಲಿನ ರೈತರು ಭೂಸ್ವಾಧೀನವನ್ನು ವಿರೋಧಿಸಿ ಧರಣಿ ಕುಳಿತರು. ಈ ವಿವಾದದ ನ್ಯಾಯಾನ್ಯಾಯ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅಂತಹ ಕೇಂದ್ರಗಳು ಬಂದಲ್ಲಿ ನಮ್ಮ ಸಣ್ಣ ಕೈಗಾರಿಕೆಗಳ ವಿದ್ಯುತ್ತಿನ ಗತಿಯೇನೆಂಬ ಪ್ರಶ್ನೆ ನಮ್ಮದು. ಬಿಡದಿಯಲ್ಲಿ ಬೆಂಗಳೂರಿನ ಕಸವನ್ನು ಉರಿಸಿ ವಿದ್ಯುತ್ ತೆಗೆಯಲು ಕಟ್ಟಿರುವ ಘಟಕದ ಸಾಮರ್ಥ್ಯ 11.5 ಮೆಗಾವ್ಯಾಟ್. ಮೇಲೆ ಹೇಳಿದ 120 ಕಿಲೋವ್ಯಾಟಿನ ಚೌಕಟ್ಟುಗಳು ನೂರಿದ್ದರೆ ಅಷ್ಟು ವಿದ್ಯುತ್ ಮುಗಿದೇಹೋಯಿತು, ತಂಪು ಮಾಡುವ ಯಂತ್ರಗಳಿಗೆ ಏನೂ ಉಳಿಯಲಿಲ್ಲ. ನೀರಿನ ಮಾತೂ ಅಷ್ಟೇ. 2024ರ ಬೇಸಿಗೆಯಲ್ಲಿ ಬೆಂಗಳೂರು ಪಟ್ಟ ಪಾಡನ್ನು ಕಂಡಿದ್ದೇವೆ. ತಂಪು ಮಾಡಲು ಮಂಚನಬೆಲೆಯ ನೀರನ್ನಲ್ಲ, ವೃಷಭಾವತಿಯಲ್ಲಿ ಹರಿದು ಬರುವ ಕೊಳಕು ನೀರನ್ನು ಶುದ್ಧೀಕರಿಸಿ ಬಳಸಬೇಕೆಂಬ ಷರತ್ತನ್ನು ನಮ್ಮ ಸಂಘಗಳು ಮೊದಲ ದಿನವೇ ಮುಂದಿಡಬೇಕು. ಇದು ನನ್ನ ಸ್ವಂತ ಅಭಿಪ್ರಾಯ.

ಕೇಬಲ್ ಟ್ರೇ, ಸರ್ವರ್ ಚೌಕಟ್ಟು, ವಿದ್ಯುತ್ ಫಲಕ ಮೊದಲಾದವುಗಳ ತಯಾರಿಕೆಯಲ್ಲಿ ಬಿಡದಿ ಮತ್ತು ಹಾರೋಹಳ್ಳಿಯ ತಗಡು ಕೆಲಸದ ಘಟಕಗಳಿಗೆ ಅವಕಾಶವಿರುವುದು ನಿಜ. ಆದರೆ ಜಾಗವುಳ್ಳ ಕೆಲವರು ಈಗಾಗಲೇ ‘ಕಟ್ಟಡ ಕಟ್ಟಿ ದತ್ತಾಂಶ ಕೇಂದ್ರಕ್ಕೆ ಬಾಡಿಗೆಗೆ ಕೊಟ್ಟರೆ ಹೇಗೆ?’ ಎಂದು ನನ್ನನ್ನು ಕೇಳಿದ್ದಾರೆ. ಅವರಿಗೆ ಒಂದು ಎಚ್ಚರಿಕೆ. ಬಾಡಿಗೆಗೆಂದು ಕಟ್ಟಿದ ಕಟ್ಟಡವೂ ಕೆಲವು ಸಂದರ್ಭಗಳಲ್ಲಿ ‘ಪ್ಲಾಂಟ್’ ಎನಿಸಬಹುದೆಂದು 2024ರ ಅಕ್ಟೋಬರ್‌ನಲ್ಲಿ ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದಾಗ, ನಿರ್ಮಾಣದ ಮೇಲಿನ ಹೂಡುವಳಿ ತೆರಿಗೆ ಜಮೆ ಸಿಗುವ ಆಸೆ ಚಿಗುರಿತ್ತು. 2025ರ ಹಣಕಾಸು ಕಾಯಿದೆ ‘ಅಥವಾ’ ಎಂಬ ಒಂದು ಪದವನ್ನು ‘ಮತ್ತು’ ಎಂದು, ಅದೂ 2017ರ ಜುಲೈ 1ರಿಂದಲೇ ಜಾರಿಗೆ ಬರುವಂತೆ ಬದಲಿಸಿ ಆ ಆಸೆಯನ್ನು ಚಿವುಟಿತು. ಕಟ್ಟಡದ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ವೆಚ್ಚವೆಂದೇ ಎಣಿಸಿ ಬಾಡಿಗೆಯನ್ನು ನಿಗದಿಪಡಿಸಿ.

ನಮ್ಮ ಕಾರ್ಖಾನೆಯ ಒಳಗೆ

ನನ್ನ ಕಕ್ಷಿದಾರರೊಬ್ಬರ ಘಟಕದಲ್ಲಿ ಎರಡು ಶೆಡ್ಡುಗಳಿವೆ. ನಡುವೆ 280 ಮೀಟರ್ ಅಂತರ. ತಾಮ್ರದ ಸಾಮಾನ್ಯ ಕೇಬಲ್ಲಿಗೆ 100 ಮೀಟರ್ ಮಿತಿಯಿರುವ ಕಾರಣ ದಾರಿಯಲ್ಲಿ ಎರಡು ಕಡೆ, ಜನರೇಟರ್ ಕೋಣೆಯಲ್ಲಿ ಹಾಗೂ ಕಾವಲುಗಾರನ ಗೂಡಿನಲ್ಲಿ, ಸ್ವಿಚ್ಚುಗಳನ್ನಿಟ್ಟು ಜೋಡಿಸಿದ್ದರು. ಒಂದು ಮೇ ತಿಂಗಳ 10ನೇ ತಾರೀಖು ಸಂಜೆ ಗುಡುಗು-ಸಿಡಿಲಿನ ಮಳೆ. ಸಿಡಿಲು ಬಿದ್ದದ್ದು ಪಕ್ಕದ ತೋಟದ ತೆಂಗಿನ ಮರಕ್ಕೆ. ಆದರೆ ನೆಲದಲ್ಲಿ ಹೂತಿದ್ದ ತಾಮ್ರದ ಕೇಬಲ್ಲು ಅದರ ಹೊಡೆತವನ್ನು ಹೊತ್ತು ತಂದು ಎರಡೂ ಸ್ವಿಚ್ಚುಗಳನ್ನೂ ಸರ್ವರಿನ ಜಾಲದ ಕಾರ್ಡನ್ನೂ ಸುಟ್ಟುಹಾಕಿತು. ಮರುದಿನ ಜಿ.ಎಸ್.ಟಿ.ಆರ್-1 ಸಲ್ಲಿಸಲು ಕಡೆಯ ದಿನ. ಸರಕು ತುಂಬಿದ ಲಾರಿ ಗೇಟಿನಲ್ಲಿ, ಇ-ಇನ್‌ವಾಯ್ಸ್ ತೆಗೆಯಬೇಕಾದ ಗಣಕ ಕತ್ತಲೆಯಲ್ಲಿ. ರಾತ್ರಿ ಹನ್ನೊಂದರವರೆಗೆ ನನ್ನ ಕಚೇರಿಯಲ್ಲಿ ಕುಳಿತು ಕೈಬರಹದ ಚಲನ್ನುಗಳಿಂದ ಒಂದೊಂದಾಗಿ ತುಂಬಿದೆವು.

ಆಮೇಲೆ ಅವರು ಅದೇ ಗುಂಡಿಯಲ್ಲಿ ಆರು ಎಳೆಗಳ ಫೈಬರ್ ಕೇಬಲ್ ಹಾಕಿಸಿದರು. ನಡುವಿನ ಎರಡೂ ಸ್ವಿಚ್ಚುಗಳು ಹೋದವು. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ, ವೆಲ್ಡಿಂಗ್ ಯಂತ್ರದ ಪಕ್ಕದಲ್ಲಿ ಹಾದುಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಒಂದು ಮಾತು: ಇಲಿ ಕಡಿಯದಂತೆ ಉಕ್ಕಿನ ಕವಚವಿರುವ ಕೇಬಲ್ಲುಗಳೂ ಮಾರುಕಟ್ಟೆಯಲ್ಲಿವೆ. ಆ ಉಕ್ಕು ಸಿಡಿಲನ್ನು ಹೊತ್ತು ತಂದೇ ತರುತ್ತದೆ. ಲೋಹವಿಲ್ಲದ ಕವಚದ ಕೇಬಲ್ಲನ್ನು ಕೇಳಿ ಪಡೆಯಬೇಕು, ಇಲ್ಲವೇ ಕವಚವನ್ನು ಕ್ರಮವಾಗಿ ಅರ್ಥ್ ಮಾಡಿಸಬೇಕು.

ಇದರಿಂದ ಅವರ ವಿದ್ಯುತ್ ಬಿಲ್ಲು ಇಳಿಯಿತೇ? ಲೆಕ್ಕ ಹಾಕೋಣ. ಒಂದು ದೊಡ್ಡ ಘಟಕದಲ್ಲಿ 40 ವ್ಯಾಟಿನ ಆರು ಸ್ವಿಚ್ಚುಗಳನ್ನು ತೆಗೆದರೂ ವರ್ಷಕ್ಕೆ ಉಳಿಯುವುದು ಸುಮಾರು 2,100 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 14,700 ರೂಪಾಯಿ. ಅದೇ ಘಟಕದ ಸರ್ವರ್ ಕೋಣೆಯಲ್ಲಿ ಹಗಲಿರುಳೂ 3 ಕಿಲೋವ್ಯಾಟ್ ಉರಿಯುತ್ತಿದ್ದರೆ ವರ್ಷಕ್ಕೆ 26,280 ಯೂನಿಟ್. ಹವಾನಿಯಂತ್ರಕ ಮತ್ತು ಯು.ಪಿ.ಎಸ್. ಸೇರಿ ಪಿ.ಯು.ಇ. 2 ಇದ್ದರೆ 52,560 ಯೂನಿಟ್, 3,67,920 ರೂಪಾಯಿ. ನಮ್ಮ ಕಡೆಯ ಅನೇಕ ಸರ್ವರ್ ಕೋಣೆಗಳಲ್ಲಿ ನಾನು ಕಂಡಂತೆ ಹವಾನಿಯಂತ್ರಕ 18 ಡಿಗ್ರಿಯಲ್ಲಿರುತ್ತದೆ, ಬಾಗಿಲು ಅರ್ಧ ತೆರೆದಿರುತ್ತದೆ, ಮೂರು ಸರ್ವರುಗಳಲ್ಲಿ ಒಂದು ಯಾವಾಗಲೋ ಕೆಲಸ ನಿಲ್ಲಿಸಿಯೂ ಉರಿಯುತ್ತಿರುತ್ತದೆ. ಬಿಲ್ಲು ಇಳಿಸಬೇಕಾದವರು ಮೊದಲು ಅಲ್ಲಿಗೆ ಹೋಗಬೇಕು. ಸಣ್ಣ ಘಟಕಕ್ಕೆ ಗಾಜಿನ ಎಳೆಯ ಲಾಭ ಯೂನಿಟ್ಟುಗಳಲ್ಲಿಲ್ಲ, ಸಿಡಿಲಿನ ದಿನ ಲಾರಿ ಹೊರಡುವುದರಲ್ಲಿದೆ. ‘ಫೈಬರ್ ಹಾಕಿಸಿ, ಕರೆಂಟು ಬಿಲ್ಲು ಅರ್ಧವಾಗುತ್ತದೆ’ ಎಂದು ಬರುವವರನ್ನು ಒಂದು ಲೋಟ ಕಾಫಿ ಕೊಟ್ಟು ಕಳುಹಿಸಬಹುದು.

ಬಹಳಷ್ಟು ಕಟ್ಟಡಗಳುಳ್ಳ ಘಟಕಗಳಿಗೆ ಇನ್ನೊಂದು ದಾರಿಯಿದೆ. ಗ್ರಾಮ ಪಂಚಾಯಿತಿಗಳಿಗೆ ಅಂತರಜಾಲ ಒದಗಿಸುವ ಭಾರತ್‌ನೆಟ್ ಯೋಜನೆಯಲ್ಲಿ ಬಳಸಿದ ಜಿ-ಪಾನ್ ವ್ಯವಸ್ಥೆಯೇ ಅದು. ಒಂದು ಎಳೆಯ ಬೆಳಕನ್ನು ವಿದ್ಯುತ್ತೇ ಬೇಡದ ಕವಲುಪೆಟ್ಟಿಗೆಯಲ್ಲಿ ಹತ್ತಾರು ಎಳೆಗಳಿಗೆ ಹಂಚುತ್ತಾರೆ. 20 ಕಿಲೋಮೀಟರ್ ವರೆಗೂ ಅದು ಮುಟ್ಟುತ್ತದೆ.

ಕೆಲಸ ಮುಗಿದ ಮೇಲೆ ಬಿಲ್ಲಿಗೆ ಸಹಿ ಹಾಕುವ ಮುನ್ನ ಓ.ಟಿ.ಡಿ.ಆರ್. ವರದಿಯನ್ನು ಕೇಳಿ. ಎಳೆಯೊಳಗೆ ಬೆಳಕು ಬಿಟ್ಟು, ಎಲ್ಲಿ ಬೆಸುಗೆ ಸರಿಯಿಲ್ಲ, ಎಲ್ಲಿ ಕೇಬಲ್ಲು ಅತಿಯಾಗಿ ಬಾಗಿದೆ ಎಂದು ಮೀಟರು ಲೆಕ್ಕದಲ್ಲಿ ತೋರಿಸುವ ಉಪಕರಣ ಅದು. ತಾಮ್ರದ ತಂತಿ ಎಳೆದು ರೂಢಿಯಿರುವವರು ಫೈಬರನ್ನೂ ಗೋಡೆಯ ಮೂಲೆಯಲ್ಲಿ ಲಂಬಕೋನಕ್ಕೆ ಮಡಿಸಿ ಮೊಳೆ ಹೊಡೆಯುವುದುಂಟು. ಅಂದು ಕೆಲಸ ಮಾಡಿದರೂ ನಾಳೆ ಕೈಕೊಡುತ್ತದೆ.

ಇನ್ನು ತೆರಿಗೆಯ ಮಾತು. ಗಣಕಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ಸವಕಳಿ ದರ ಹಿಂದೆ ಶೇ. 60 ಇದ್ದದ್ದು ಆನಂತರ ಶೇ. 40ಕ್ಕೆ ಇಳಿಯಿತು. ಗಣಕದೊಡನೆ ಕೆಲಸ ಮಾಡುವ ಸ್ವಿಚ್ಚು ಮತ್ತು ರೂಟರುಗಳೂ ಗಣಕದ ವರ್ಗಕ್ಕೇ ಸೇರುತ್ತವೆಂದು ಮುಂಬಯಿಯ ಆದಾಯ ತೆರಿಗೆ ನ್ಯಾಯಾಧಿಕರಣದ ವಿಶೇಷ ಪೀಠ 2010ರಲ್ಲಿ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಶೆಡ್ಡಿನಿಂದ ಶೆಡ್ಡಿಗೆ ಹೂತ ಕೇಬಲ್ಲನ್ನು ಅದೇ ವರ್ಗದಲ್ಲಿ ತೋರಿಸುವುದಕ್ಕಿಂತ ಯಂತ್ರೋಪಕರಣವೆಂದು ಶೇ. 15ರಲ್ಲಿ ತೋರಿಸುವುದು ವಾದವಿವಾದಕ್ಕೆ ಎಡೆಗೊಡದ ದಾರಿಯೆಂದು ನನ್ನ ಭಾವನೆ. ಜಿ.ಎಸ್.ಟಿ.ಯಲ್ಲಿ, ದೂರಸಂಪರ್ಕ ಸೇವೆ ಒದಗಿಸುವವರು ಫೈಬರ್ ಜಾಲಕ್ಕೆ ಬಳಸುವ ಡಕ್ಟ್ ಮತ್ತು ಮ್ಯಾನ್‌ಹೋಲುಗಳ ಮೇಲಿನ ಹೂಡುವಳಿ ತೆರಿಗೆಗೆ ತಡೆಯಿಲ್ಲವೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 26-6-2024ರ 219ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಅದು ಅವರಿಗಾಗಿ ಹೊರಟ ಸುತ್ತೋಲೆ. ನಮ್ಮ ಕಾರ್ಖಾನೆಯ ಆವರಣದೊಳಗೆ ಅಗೆತ, ಕಾಂಕ್ರೀಟು, ಕೇಬಲ್ಲು, ಉಪಕರಣ ಎಲ್ಲವನ್ನೂ ‘ನೆಟ್‌ವರ್ಕ್ ಕೆಲಸ’ ಎಂಬ ಒಂದೇ ಸಾಲಿನಲ್ಲಿ ಬರೆದುಕೊಡುವ ಗುತ್ತಿಗೆದಾರರ ಬಿಲ್ಲು ಹಿಡಿದು ಅಧಿಕಾರಿಗಳ ಮುಂದೆ ನಿಂತರೆ ಇಡೀ ಮೊತ್ತಕ್ಕೇ ಪ್ರಶ್ನೆ ಏಳುತ್ತದೆ. ನಾಲ್ಕನ್ನೂ ನಾಲ್ಕು ಸಾಲಿನಲ್ಲಿ ಬೇರೆಬೇರೆಯಾಗಿ ಬರೆಯುವಂತೆ ಕೆಲಸದ ಆದೇಶ ಕೊಡುವಾಗಲೇ ತಿಳಿಸಿಬಿಡಿ.